‘ಆರಾಮ ಅದೀನ್ರಿ’ ಎಂದ ಮೇಲೂ ಕೇಳಬೇಕಾದ ಹದಿನೈದು ಪ್ರಶ್ನೆಗಳು

ದೊಡ್ಡ ಶಸ್ತ್ರಚಿಕಿತ್ಸೆಯ ಮರುದಿನ ಹುಬ್ಬಳ್ಳಿ-ಧಾರವಾಡದ ಯಾವ ವಾರ್ಡಿನಲ್ಲಿ ‘ಹೆಂಗದೀರಿ?’ ಎಂದು ಕೇಳಿದರೂ, ಹೊಲಿಗೆ ಎಷ್ಟೇ ನೋಯುತ್ತಿರಲಿ, ‘ಆರಾಮ ಅದೀನ್ರಿ’ ಎಂಬ ಉತ್ತರವೇ ಹೆಚ್ಚಾಗಿ ಬರುತ್ತದೆ. ಅದು ಸೌಜನ್ಯ, ಅಳತೆಯಲ್ಲ.

ಚೇತರಿಕೆಯನ್ನು ಅಳೆಯಲು 2013ರಲ್ಲಿ ಪ್ರಕಟವಾದ ಕ್ಯೂಒಆರ್-15 (ಕ್ವಾಲಿಟಿ ಆಫ್ ರಿಕವರಿ, ಅಂದರೆ ಚೇತರಿಕೆಯ ಗುಣಮಟ್ಟ) ಪ್ರಶ್ನಾವಳಿ ಅನುಕೂಲಕರ. ಕಳೆದ 24 ಗಂಟೆಗಳ ಬಗ್ಗೆ ಕೇಳುವ ಹದಿನೈದು ಪ್ರಶ್ನೆಗಳಿಗೆ ತಲಾ 0ಯಿಂದ 10 ಅಂಕಗಳಿದ್ದು, ಒಟ್ಟು 150 ಆಗುತ್ತದೆ. ಮೊದಲ ಹತ್ತು ಪ್ರಶ್ನೆಗಳು ಉಸಿರಾಟ, ಊಟದ ರುಚಿ, ನಿದ್ರೆ, ಶೌಚ-ಸ್ನಾನವನ್ನು ತಾವೇ ಮಾಡಿಕೊಳ್ಳುವುದು, ಮನೆಯವರೊಡನೆ ಮಾತು, ವೈದ್ಯರ ಹಾಗೂ ದಾದಿಯರ ಆಸರೆ ಮುಂತಾದವನ್ನು ಕುರಿತಿವೆ. ಕೊನೆಯ ಐದು ಮಧ್ಯಮ ನೋವು, ತೀವ್ರ ನೋವು, ವಾಕರಿಕೆ ಅಥವಾ ವಾಂತಿ, ಆತಂಕ ಮತ್ತು ದುಃಖವನ್ನು ಕುರಿತಿವೆ. ಈ ಐದರಲ್ಲಿ ಅಂಕ ತಿರುವುಮುರುವು: ತೊಂದರೆ ಇಲ್ಲವೇ ಇಲ್ಲವೆಂದರೆ 10, ಸದಾ ಇತ್ತೆಂದರೆ 0. ಅವಸರದಲ್ಲಿ ಬರೆಯುವವರು ಎಡವುವುದು ಇಲ್ಲಿಯೇ.

ಮೊದಲ ಅಳತೆಯನ್ನು ಶಸ್ತ್ರಚಿಕಿತ್ಸೆಗೆ ಮುನ್ನವೇ ತೆಗೆದುಕೊಳ್ಳಬೇಕು. ಮಂಡಿನೋವಿನಿಂದ ವರ್ಷಗಟ್ಟಲೆ ನಿದ್ರೆಗೆಟ್ಟವರ ಆರಂಭದ ಅಂಕವೇ ಕಡಿಮೆ ಇರುವುದರಿಂದ, ಅದು ಗೊತ್ತಿಲ್ಲದೆ ಮರುದಿನದ ಅಂಕಕ್ಕೆ ಅರ್ಥ ಹಚ್ಚುವುದು ಕಷ್ಟ. ಆಮೇಲೆ 24, 48 ಮತ್ತು 72 ಗಂಟೆಗಳಿಗೆ, ಸಾಧ್ಯವಾದಷ್ಟು ಒಂದೇ ಹೊತ್ತಿನಲ್ಲಿ ಕೇಳಬೇಕು. ಕೇಳಿಯಾಗುವವರೆಗೆ ಜೊತೆಗಿದ್ದವರನ್ನು ಹೊರಗೆ ಕೂರಿಸುವುದು ಲೇಸು, ಇಲ್ಲವಾದರೆ ಅಜ್ಜಿಯ ನೋವಿಗೆ ಮಗ ಅಂಕ ಕೊಡುತ್ತಾನೆ. ಆಸರೆ ಸಿಕ್ಕಿತೇ ಎಂಬ ಪ್ರಶ್ನೆಯನ್ನಂತೂ ಆರೈಕೆ ಮಾಡಿದ ದಾದಿಯೇ ಕೇಳಬಾರದು.

ಓದು ಬಾರದವರಿಗೆ ಹತ್ತರ ಅಳತೆಯನ್ನು ಬಾಯಿಮಾತಿನಲ್ಲಿ ವಿವರಿಸಬೇಕಾಗುತ್ತದೆ. ಹಿರಿಯರು ‘ಎಂಟಾಣೆ ಆರಾಮ ಐತ್ರಿ’ ಎಂದರೆ 8 ಎಂದು ಬರೆದುಬಿಡಬೇಡಿ. ಎಂಟಾಣೆ ಎಂದರೆ ಅರ್ಧ ರೂಪಾಯಿ, ಅಂದರೆ 5. ಆದರೆ ಪ್ರಶ್ನೆಗಳನ್ನೇ ಮನಬಂದಂತೆ ಅನುವಾದಿಸಿಕೊಂಡರೆ, ಕೆಳಗಿನ ಮಿತಿಗಳೊಡನೆ ಹೋಲಿಸುವ ಹಕ್ಕು ಉಳಿಯುವುದಿಲ್ಲ.

136ರಿಂದ ಮೇಲೆ ಅತ್ಯುತ್ತಮ, 122ರಿಂದ 135 ಉತ್ತಮ, 90ರಿಂದ 121 ಮಧ್ಯಮ, 90ಕ್ಕಿಂತ ಕಡಿಮೆ ಕಳಪೆ ಚೇತರಿಕೆಯೆಂದು ಪರಿಗಣಿಸಲಾಗುತ್ತದೆ. ಎರಡು ಅಳತೆಗಳ ನಡುವೆ ಗಣನೀಯವೆನ್ನಬಹುದಾದ ಕನಿಷ್ಠ ವ್ಯತ್ಯಾಸವನ್ನು ಮೊದಲು 8 ಎಂದಿದ್ದರು, 2021ರಲ್ಲಿ 6ಕ್ಕೆ ಇಳಿಸಿದರು. ಮುನ್ನಾದಿನ 132 ಇದ್ದವರು ಮರುದಿನ 88ಕ್ಕೆ ಇಳಿದು ಮೂರನೆಯ ದಿನ 109ಕ್ಕೆ ಏರಿದರೆ, ಸುಧಾರಣೆ ನಿಜ, ಮೊದಲಿನ ಸ್ಥಿತಿ ಇನ್ನೂ ದೂರ. ಒಟ್ಟು ಅಂಕಕ್ಕಿಂತ ಬಿಡಿ ಅಂಕಗಳೇ ನನಗೆ ಹೆಚ್ಚು ಉಪಯುಕ್ತವೆನಿಸುತ್ತವೆ: ಕುಸಿತ ವಾಂತಿಯಿಂದಲೋ ಆತಂಕದಿಂದಲೋ ಎಂಬುದರ ಮೇಲೆ ಚಿಕಿತ್ಸೆಯೇ ಬದಲಾಗುತ್ತದೆ.

ರೋಣಕ್ಕೋ ಬ್ಯಾಡಗಿಗೋ ಮರಳಿದವರನ್ನು ತಿಂಗಳ ನಂತರ ಫೋನಿನಲ್ಲಿ ವಿಚಾರಿಸಲು ದಿನನಿತ್ಯದ ಕೆಲಸಗಳಲ್ಲಿನ ಅಡಚಣೆಯನ್ನು ಅಳೆಯುವ, ವಿಶ್ವ ಆರೋಗ್ಯ ಸಂಸ್ಥೆಯ 12 ಪ್ರಶ್ನೆಗಳ ಹೂಡಾಸ್ 2.0 ಪ್ರಶ್ನಾವಳಿ ಹೆಚ್ಚು ಹೊಂದುತ್ತದೆ; ಅದು ಕಳೆದ 30 ದಿನಗಳಲ್ಲಿ ಅರ್ಧ ಗಂಟೆ ನಿಲ್ಲಲು, ಒಂದು ಕಿಲೋಮೀಟರ್ ನಡೆಯಲು, ಮನೆಗೆಲಸ ನಿಭಾಯಿಸಲು ಎಷ್ಟು ಕಷ್ಟವಾಯಿತೆಂದು ಕೇಳುತ್ತದೆ. ಕಿಲೋಮೀಟರ್ ಎಂದರೆ ಅಂದಾಜು ಸಿಗದವರಿಗೆ ಮನೆಯಿಂದ ಅಷ್ಟೇ ದೂರದ ಹೊಲವನ್ನೋ ಗುಡಿಯನ್ನೋ ಹೆಸರಿಸಿ ಕೇಳಬೇಕು.