ಬದುವಿನ ಗಿಡಕ್ಕೆ ಅರಣ್ಯ ಇಲಾಖೆ ದುಡ್ಡು: ಪಡೆಯೋದು ಹೇಗೆ

ರೈತರು ತಮ್ಮ ಜಮೀನಲ್ಲಿ ಗಿಡ ಬೆಳೆಸಿದರೆ ಅರಣ್ಯ ಇಲಾಖೆ ಪ್ರೋತ್ಸಾಹಧನ ಕೊಡುವ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ 2011-12ರಿಂದ ಇದೆ. ಆದರೂ ನಮ್ಮ ಶಿರಾ ಕಡೆ ಅರ್ಜಿ ಬರೆಸೋಕೆ ನನ್ನ ಜಗಲಿಗೆ ಬರುವವರು ಈಗಲೂ ಕೇಳೋದು, "ಗಿಡ ನೆಟ್ಟರೆ ಎಷ್ಟು ಕೊಡ್ತಾರೆ ಮೇಷ್ಟ್ರೇ?" ನೆಟ್ಟಿದ್ದಕ್ಕೆ ಬಿಡಿಗಾಸೂ ಇಲ್ಲ. ಇಲಾಖೆಯವರು ಬಂದು ಎಣಿಸುವ ದಿನ ಬದುಕಿದ್ದ ಗಿಡಕ್ಕಷ್ಟೇ ದುಡ್ಡು: ಮೊದಲ ವರ್ಷ ಮುಗಿದಾಗ ಗಿಡಕ್ಕೆ 35, ಎರಡನೆಯ ವರ್ಷ 40, ಮೂರನೆಯ ವರ್ಷ 50, ಒಟ್ಟು 125 ರೂಪಾಯಿ. 200 ಗಿಡ ನೆಟ್ಟು ವರ್ಷವರ್ಷಕ್ಕೆ 150, 140, 135 ಉಳಿದವು ಅಂದುಕೊಳ್ಳಿ. 5,250, 5,600, 6,750; ಕೂಡಿದರೆ 17,600.

ಏಪ್ರಿಲ್-ಮೇ ಒಳಗೇ ವಲಯ ಅರಣ್ಯಾಧಿಕಾರಿ ಕಚೇರಿಗೆ ಹೋಗಿ ಹೆಸರು ಬರೆಸಿ. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ನಕಲು, ಫೋಟೊ ಸಾಕು. ಪಹಣಿ ಇನ್ನೂ ತೀರಿಹೋದ ತಾತನ ಹೆಸರಲ್ಲೇ ಇದ್ದರೆ ಮೊದಲು ಪೌತಿ ಖಾತೆ, ಅಂದರೆ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಮಾಡಿಸಿಕೊಳ್ಳಿ. ನನ್ನ ಹತ್ತಿರ ಬರುವ ಅರ್ಜಿಗಳು ಅರ್ಧಕ್ಕೆ ನಿಲ್ಲೋದು ಹೆಚ್ಚಾಗಿ ಇಲ್ಲೇ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ಅಂತಲೂ ಆಗಲೇ ವಿಚಾರಿಸಿ.

ಗಿಡ ಇಲಾಖೆ ನರ್ಸರಿಯಲ್ಲಿ ರಿಯಾಯಿತಿ ದರಕ್ಕೆ ಸಿಗುತ್ತೆ, ರಸೀದಿ ಜೋಪಾನ. ನೀಲಗಿರಿ, ಅಕೇಶಿಯಾ, ಸರ್ವೆ, ಸಿಲ್ವರ್ ಓಕ್, ತೆಂಗು, ಅಡಿಕೆ ಇಂಥವಕ್ಕೆ ಪ್ರೋತ್ಸಾಹಧನ ಇಲ್ಲ. ಬೇವು, ಹೊಂಗೆ, ಹುಣಸೆ, ಹೆಬ್ಬೇವು, ತೇಗ, ಶ್ರೀಗಂಧಕ್ಕೆ ಉಂಟು. ಎಲ್ಲರೂ ಹೆಬ್ಬೇವಿಗೇ ಮುಗಿಬೀಳ್ತಾರೆ, ಬೇಗ ಬೆಳೆಯುತ್ತೆ ಅಂತ. ಕುರಿಮಂದೆ ತಿರುಗಾಡುವ ಊರಲ್ಲಿ ನನ್ನ ಓಟು ಹೊಂಗೆಗೆ. ಕುರಿ ಅದಕ್ಕೆ ಬಾಯಿ ಹಾಕೋದು ಕಡಿಮೆ. ದುಡ್ಡು ಸ್ವಲ್ಪ ಹೆಚ್ಚಾದರೂ ದೊಡ್ಡ ಪಾಕೆಟ್ಟಿನ ಗಿಡವನ್ನೇ ತನ್ನಿ.

ಬೇಸಿಗೆ ಮಳೆ ಒಂದು ಬಿದ್ದ ಕೂಡಲೇ ಗುಂಡಿ ತೋಡಿಸಿಬಿಡಿ. ನಮ್ಮಲ್ಲಿ ಮೃಗಶಿರ, ಆರಿದ್ರಾ ಮಳೆಯನ್ನು ನಂಬಿ ನೆಟ್ಟರೆ ಆಮೇಲೆ ಆಗಸ್ಟ್ ಕಳೆಯುವ ತನಕ ಬರೀ ಗಾಳಿ. ಬಹಳ ಗಿಡ ಸಾಯೋದು ಆಗಲೇ. ವಾರಕ್ಕೊಂದು ಸಲ ಬುಡಕ್ಕೆ ಒಂದು ಕೊಡ ನೀರು, ಮೇಲೆ ಒಣಹುಲ್ಲಿನ ಹೊದಿಕೆ, ಸುತ್ತ ಜಾಲಿಮುಳ್ಳು. ಇಷ್ಟು ಮಾಡಲಾಗದಿದ್ದರೆ 200 ಬೇಡ, 80 ನೆಡಿ.

ಹೊಲದ ತುಂಬ ಚೆಲ್ಲಾಪಿಲ್ಲಿ ನೆಡಬೇಡಿ, ಬದುವಿನುದ್ದಕ್ಕೆ ಸಾಲಾಗಿ ನೆಡಿ. ಉಳುಮೆಗೆ ಅಡ್ಡಿಯಿಲ್ಲ, ಎಣಿಸೋದೂ ಸಲೀಸು. ಹುಲ್ಲಲ್ಲಿ ಮುಚ್ಚಿಹೋದ ಗಿಡ ಲೆಕ್ಕಕ್ಕೆ ಸಿಗಲ್ಲ, ಎಣಿಸೋಕೆ ಅರಣ್ಯ ಇಲಾಖೆ ಗಾರ್ಡ್ ಬರುವ ಮುಂಚೆ ಕಳೆ ತೆಗೆಸಿ. ಪ್ರತಿ ಗಿಡದ ಪಕ್ಕ ಒಂದು ಗೂಟ, ಗೂಟದ ಮೇಲೆ ಪೇಂಟಲ್ಲಿ ನಂಬರ್. ಎಣಿಸುವಾಗ ನೀವೇ ಜೊತೆಗೆ ನಡೆಯಿರಿ, ಬರೆದುಕೊಂಡ ಸಂಖ್ಯೆಯನ್ನು ಕಣ್ಣಾರೆ ನೋಡಿ ಮೊಬೈಲಲ್ಲಿ ಫೋಟೊ ಹಿಡಿದುಕೊಳ್ಳಿ. ಹಣ ತಡವಾಗಿ ಬರುವುದುಂಟು. ಆಗ ಕೇಳೋಕೆ ಹೋದರೆ ಕೈಯಲ್ಲಿರೋದು ಆ ಫೋಟೊ ಒಂದೇ.

ಶ್ರೀಗಂಧ ಹಾಕಿದವರಿಗೆ ಇನ್ನೊಂದು ಮಾತು. ಕರ್ನಾಟಕ ಅರಣ್ಯ ಕಾಯ್ದೆಗೆ 2001ರಲ್ಲಿ ತಿದ್ದುಪಡಿ ಆದಮೇಲೆ ನಿಮ್ಮ ಜಮೀನಿನ ಗಂಧದ ಮರಕ್ಕೆ ನೀವೇ ಮಾಲೀಕರು, ಆದರೆ ಮನಸ್ಸು ಬಂದಾಗ ಕಡಿದು ಸಂತೆಗೆ ಒಯ್ಯುವಂತಿಲ್ಲ. ಮರಗಳನ್ನು ಈಗಲೇ ಪಹಣಿಯಲ್ಲಿ ನಮೂದು ಮಾಡಿಸಿ. ಕಡಿಯೋಕೆ ಇಲಾಖೆ ಅನುಮತಿ ಕೇಳುವಾಗ ಮೊದಲು ನೋಡೋದು ಅದನ್ನೇ.