ಕಣದಲ್ಲೇ ಓಟಿ ತೆಗೆದ ನನ್ನ ಅನುಭವ

ಕಾಫಿ ಹಣ್ಣನ್ನು ಸಿಪ್ಪೆ ಸಮೇತ ಒಣಗಿಸಿದರೆ ಚೆರ್ರಿ. ಐವತ್ತು ಕಿಲೋ ಚೀಲದ ಚೆರ್ರಿಯಿಂದ ಎಷ್ಟು ಕಿಲೋ ಬೀಜ ಸಿಗುತ್ತೆ ಅನ್ನುವ ಲೆಕ್ಕ ಓಟಿ, ಅಂದರೆ ಔಟ್‌ಟರ್ನ್. ಕಳೆದ ಸೀಸನ್‌ನಲ್ಲಿ ನಮ್ಮ ಚೆರ್ರಿಗೆ ನಾನು ಮನೆಯಲ್ಲೇ ತೆಗೆದ ಓಟಿ 27.5. ಕ್ಯೂರಿಂಗ್‌ನಲ್ಲಿ, ಅಂದರೆ ಚೆರ್ರಿಯ ಸಿಪ್ಪೆ ತೆಗೆದು ಬೀಜ ಹಸನು ಮಾಡುವ ಮಿಲ್ಲಿನಲ್ಲಿ, ಬಂದದ್ದು 27.3. ಇಷ್ಟಕ್ಕಾಗಿ ನಾಲ್ಕು ವರ್ಷ ಊರವರ ಬಾಯಿಗೆ ಸಿಕ್ಕಿದ್ದೇನೆ. ಸ್ವಲ್ಪ ಜಂಬ ಕೊಚ್ಚಿದರೆ ಸಹಿಸಿಕೊಳ್ಳಿ.

ಬೆಂಗಳೂರಲ್ಲಿ ಕೃಷಿ ತಂತ್ರಜ್ಞಾನ ಮತ್ತು ಬಿಸಿನೆಸ್ ಮ್ಯಾನೇಜ್‌ಮೆಂಟ್ ಓದುತ್ತಿದ್ದೆ. ಕೋರ್ಸಿನ ಪ್ರಾಜೆಕ್ಟ್‌ಗೆ ಗೆಳೆಯರು ಟೊಮೆಟೊ ಮಾರುಕಟ್ಟೆ, ಹಾಲಿನ ಡೇರಿ ಅಂತ ಹೋದರು. ನಾನು ಕೊಡಗಿನ ಗೋಣಿಕೊಪ್ಪದ ಹತ್ತಿರ ಇರುವ ನಮ್ಮ ಹನ್ನೆರಡು ಎಕರೆ ರೊಬಸ್ಟಾ ಕಾಫಿ ತೋಟವನ್ನೇ ಹಿಡಿದೆ. ಅಪ್ಪನ ಲೆಕ್ಕದ ಪುಸ್ತಕದಲ್ಲಿ ಗೊಬ್ಬರ, ಆಳು, ಸ್ಪ್ರಿಂಕ್ಲರ್ ಡೀಸೆಲ್ ಎಲ್ಲ ಪೈಸೆ ಸಮೇತ ಇತ್ತು. ಓಟಿ ಮಾತ್ರ ಪ್ರತಿ ವರ್ಷ 26. ಹೂಮಳೆ ಚೆನ್ನಾಗಿ ಬಂದರೂ 26, ಕೈಕೊಟ್ಟರೂ 26. ವ್ಯಾಪಾರಿ ಹೇಳಿದ್ದು, ಅಪ್ಪ ಬರೆದದ್ದು. 1990ರ ದಶಕದ ನಡುವಿನವರೆಗೂ ಎಲ್ಲರ ಬೆಳೆಯನ್ನೂ ಒಟ್ಟು ಸೇರಿಸಿ ಮಾರುತ್ತಿದ್ದ ಕಾಫಿ ಬೋರ್ಡಿನ ಪೂಲ್‌ಗೆ ಹಾಕಿದರೆ ಮುಗಿಯುತ್ತಿತ್ತಲ್ವಾ? ಕಣದಲ್ಲಿ ನಿಂತು ಚೌಕಾಸಿ ಮಾಡುವ ಅಭ್ಯಾಸ ಆ ತಲೆಮಾರಿಗೆ ಎಲ್ಲಿಂದ ಬರಬೇಕು.

"ಅಷ್ಟು ಫೀಸ್ ಕಟ್ಟಿ ಓದಿದ್ದು ತಕ್ಕಡಿ ಹಿಡಿಯೋಕಾ ಮಾರಾಯಾ?" ಅಂದರು ಪಕ್ಕದ ತೋಟದ ಅಣ್ಣ.

ಮೊದಲ ವರ್ಷ ಅವರ ಮಾತೇ ನಿಜ ಆಯಿತು. ಮೇಲಿದ್ದ ಹತ್ತು ಚೀಲದ ಬಾಯಿಂದ ಒಂದೊಂದು ಹಿಡಿ ತೆಗೆದು ಒರಳಲ್ಲಿ ಕುಟ್ಟಿದೆ. ಬೀಜ ನುಚ್ಚಾಯಿತು, ಸಿಪ್ಪೆಯೂ ಸರಿಯಾಗಿ ಹೋಗಲಿಲ್ಲ. ಆ ಸಿಪ್ಪೆಯನ್ನೂ ಸೇರಿಸಿ ತೂಗಿ 28.5 ಅಂತ ವ್ಯಾಪಾರಿ ಹತ್ತಿರ ಜಗಳಕ್ಕೆ ನಿಂತೆ. ಕ್ಯೂರಿಂಗ್‌ಗೆ ಹೋದಾಗ 26.2. ಅಪ್ಪ ಏನೂ ಹೇಳಲಿಲ್ಲ. ಅದೇ ಜಾಸ್ತಿ ನೋವಾಯಿತು.

ಎರಡನೇ ವರ್ಷ ತೇವಾಂಶ ಕೈಕೊಟ್ಟಿತು. ರೈಸ್ ಮಿಲ್ಲಿನಿಂದ ಎರವಲು ತಂದ ಮೀಟರ್ 11 ಪರ್ಸೆಂಟ್ ತೋರಿಸುತ್ತಿತ್ತು. ಅದು ಭತ್ತದ್ದು, ಕಾಫಿಗೆ ಅಲ್ಲ. ಅದೇ ಬೀಜವನ್ನು ಕಾಲೇಜಿನ ಲ್ಯಾಬ್ ಓವನ್‌ನಲ್ಲಿ 105 ಡಿಗ್ರಿಯಲ್ಲಿ 16 ಗಂಟೆ ಇಟ್ಟು ತೂಗಿದಾಗ 13 ದಾಟಿತ್ತು. ಅಷ್ಟು ಹೊತ್ತಿಗೆ ಚೀಲಗಳೆಲ್ಲ ಗೋಡೆಗೆ ಒರಗಿ ಗೋಡೌನ್ ಸೇರಿದ್ದವು. ರೇಟ್ ಏರುತ್ತೆ ಅಂತ ಕಾದೆ. ಜೂನ್ ಮಳೆ ಹಿಡಿಯಿತು, ಬೀಜ ಬಿಳಿಚಿತು, ರೇಟೂ ಇಳಿಯಿತು. ಸುಮಾರು ನಲವತ್ತು ಸಾವಿರ ಹೋಯಿತು. ಪ್ರಾಜೆಕ್ಟ್‌ಗೆ ಮಾತ್ರ ಒಳ್ಳೆ ಮಾರ್ಕ್ಸ್ ಬಂತು, ನಷ್ಟದ ಅಧ್ಯಾಯ ಚೆನ್ನಾಗಿದೆ ಅಂತ!

ಮೂರನೇ ವರ್ಷ ಡಿಗ್ರಿ ಮುಗಿಸಿ ಊರಿಗೆ ಬಂದವನು ಖರ್ಚಿಗಿಳಿದೆ. ಸ್ಯಾಂಪಲ್ ಹಲ್ಲರ್ (ಸ್ವಲ್ಪ ಚೆರ್ರಿಯ ಸಿಪ್ಪೆ ತೆಗೆಯುವ ಸಣ್ಣ ಯಂತ್ರ) ಸೆಕೆಂಡ್ ಹ್ಯಾಂಡ್, ಹದಿನೆಂಟು ಸಾವಿರ ಇರಬೇಕು. ಕಾಫಿ ಮೀಟರ್ ಒಂಬತ್ತೋ ಹತ್ತೋ ಸಾವಿರ. ಈಗ ಪ್ರತಿ ಚೀಲದ ಬಾಯಿ, ನಡು, ತಳ ಮೂರೂ ಕಡೆಯಿಂದ ತೆಗೆಯುತ್ತೇನೆ. ಟಾರ್ಪಾಲಿನ ಮೇಲೆ ಕಲಸಿ, ನಾಲ್ಕು ಪಾಲು ಮಾಡಿ, ಎದುರುಬದುರು ಎರಡು ಪಾಲು ಬಿಡುವುದು. ಹೀಗೆ ಐನೂರು ಗ್ರಾಂಗೆ ಇಳಿಯುವವರೆಗೆ. ಅದರಿಂದ 270 ಗ್ರಾಂ ಬೀಜ ಬಂದರೆ 27 ಓಟಿ. ಮೂರು ಸಲ ಮಾಡಿ ಸರಾಸರಿ ಹಿಡಿಯುತ್ತೇನೆ.

ಬ್ಲಾಕ್‌ವಾರು ಬೇರೆ ಬೇರೆ ಒಣಗಿಸಿದ್ದೇ ದೊಡ್ಡ ಲಾಭ. ಕೆರೆ ಪಕ್ಕದ ಸಿ×ಆರ್ ತಳಿ ಒಂದು ಲೆಕ್ಕ, ಗುಡ್ಡದ ಮೇಲಿನ ಹಳೆ ಪೆರಿಡೇನಿಯಾ ತಳಿ ಇನ್ನೊಂದು ಲೆಕ್ಕ. ಹಣ್ಣನ್ನು ನೀರಿಗೆ ಹಾಕಿ ತೇಲಿದ್ದನ್ನು ಬೇರೆ ಮಾಡಿದೆ. ತೇಲುಕಾಯಿ 20 ಓಟಿಯ ಆಸುಪಾಸಿನಲ್ಲೇ ನಿಂತಿತು. ಇಷ್ಟು ವರ್ಷ ಒಳ್ಳೆ ಕಾಯಿಯ ಓಟಿಯನ್ನು ತಿನ್ನುತ್ತಿದ್ದದ್ದು ಅದೇ. ಅದನ್ನು ಈಗ ಏನು ಮಾಡುತ್ತೇನೆ, ಒಣಗಿ ಎಷ್ಟನೇ ದಿನ ಸ್ಯಾಂಪಲ್ ತೆಗೆಯುತ್ತೇನೆ ಅಂತ ಬರೆಯಲ್ಲ. ವ್ಯಾಪಾರಿಗಳೂ ಓದುತ್ತಾರೆ.

ನಡುವೆ, ಹಣ್ಣಿನ ಸಿಪ್ಪೆ ಸುಲಿದು ಅಂಟಿನ ಸಮೇತ ಬೀಜ ಒಣಗಿಸುವ 'ಹನಿ' (ಜೇನು) ಪ್ರೋಸೆಸ್ ಹುಚ್ಚು ಹಿಡಿದು ನಲವತ್ತು ಕಿಲೋ ಹಣ್ಣು ಸುಲಿದಿದ್ದೆ. ಜನವರಿಯಲ್ಲಿ ನಾಲ್ಕು ದಿನ ಮೋಡ ಕವಿದು ಬೂಷ್ಟು ಹಿಡಿಯಿತು. ಗೊಬ್ಬರದ ಗುಂಡಿಗೆ ಹೋಯಿತು, ಬಿಡಿ.

ಕಳೆದ ಸೀಸನ್‌ನಲ್ಲಿ ಒಂದು ಓಟಿಗೆ, ಅಂದರೆ ಚೀಲದಲ್ಲಿ ಸಿಗುವ ಪ್ರತಿ ಕಿಲೋ ಬೀಜಕ್ಕೆ, ಸುಮಾರು 350 ರೂಪಾಯಿ ಇತ್ತು. ವ್ಯಾಪಾರಿ ಎಂದಿನಂತೆ ಒಂದು ಹಿಡಿ ತೆಗೆದು ಹಲ್ಲಲ್ಲಿ ಕಚ್ಚಿ 26 ಅಂದ. ನಾನು ಚೀಟಿ ತೋರಿಸಿದೆ, ಕ್ಯೂರಿಂಗ್ ಓಟಿ ಮೇಲೆ ದುಡ್ಡು ಅಂತ ಒಪ್ಪಿಸಿದೆ. ಚೀಲಕ್ಕೆ ನಾನೂರೈವತ್ತರ ಹತ್ತಿರ ಜಾಸ್ತಿ ಸಿಕ್ಕಿತು, ಇನ್ನೂರು ಚೀಲಕ್ಕೆ ತೊಂಬತ್ತು ಸಾವಿರ. ಹಲ್ಲರ್, ಮೀಟರ್ ದುಡ್ಡು ಕಳೆದರೂ ಹಳೆ ನಷ್ಟ ತುಂಬಿ ಮಿಕ್ಕಿತು.

ಮೊನ್ನೆ ಪಕ್ಕದ ತೋಟದ ಅಣ್ಣ ಪ್ಲಾಸ್ಟಿಕ್ ಕವರಿನಲ್ಲಿ ಎರಡು ಕಿಲೋ ಚೆರ್ರಿ ತಂದು ಜಗಲಿ ಮೇಲಿಟ್ಟರು. "ಸುಮ್ನೆ ನೋಡು" ಅಂದರು. ಬರೀ ಮೇಲಿನ ಚೀಲದ್ದು ಅಂತ ನೋಡಿದರೇ ಗೊತ್ತಾಗುತ್ತಿತ್ತು. ವಾಪಸ್ ಕಳಿಸಿದೆ, ತಳದ್ದೂ ತನ್ನಿ ಅಂತ.