ರಸ್ತೆ ಗುತ್ತಿಗೆಯ ಲೆಕ್ಕವನ್ನು ನಾಗರಿಕರು ಪರಿಶೀಲಿಸುವ ಬಗೆ

ಕರ್ನಾಟಕ ಸರ್ಕಾರ ರಸ್ತೆಗಳಿಗೆ ಎಷ್ಟು ಖರ್ಚು ಮಾಡಿತೆಂಬುದು ಬಜೆಟ್ ಸಂಪುಟಗಳಲ್ಲಿಯೇ ಸಿಗುತ್ತದೆ. ರಸ್ತೆ ಮತ್ತು ಸೇತುವೆಗಳ ರಾಜಸ್ವ ವೆಚ್ಚ 3054ನೆಯ ಲೆಕ್ಕ ಶೀರ್ಷಿಕೆಯಲ್ಲಿ, ಬಂಡವಾಳ ವೆಚ್ಚ 5054ರಲ್ಲಿ ಇರುತ್ತದೆ. ಯಾವ ರಸ್ತೆಗೆ ಎಷ್ಟು ಡಾಂಬರು ಬಿತ್ತೆಂಬುದು ಮಾತ್ರ ಅಲ್ಲಿ ತಿಳಿಯದು. ಆದ್ದರಿಂದ ಇಡೀ ಇಲಾಖೆಯ ಲೆಕ್ಕಕ್ಕೆ ಕೈಹಾಕದೆ, ನೀವು ಕಣ್ಣಾರೆ ಕಂಡಿರುವ ಒಂದೇ ಕಾಮಗಾರಿಯನ್ನು ಆರಿಸಿಕೊಳ್ಳಿ.

ಅದಕ್ಕೆ ಟೆಂಡರ್ ಕರೆಯಲಾಗಿತ್ತೇ ಎಂಬುದನ್ನು ರಾಜ್ಯದ ಸಾರ್ವಜನಿಕ ಸಂಗ್ರಹಣಾ ಪೋರ್ಟಲ್‌ನಲ್ಲಿ ನೋಡಿ. ಕರೆದಿಲ್ಲವಾದರೆ, 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ (ಕೆಟಿಪಿಪಿ) ಕಾಯ್ದೆಯ 4(ಜಿ) ಕಲಮಿನಡಿ ವಿನಾಯಿತಿ ನೀಡಿದ ಅಧಿಸೂಚನೆ ಇದೆಯೇ ಎಂದು ಕೇಳಬೇಕು.

ಮುಂದಿನ ಹೆಜ್ಜೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದ ಅರ್ಜಿ. ರಾಜ್ಯದ ನಿಯಮದಂತೆ ಅದು ಒಂದೇ ವಿಷಯಕ್ಕೆ ಸೀಮಿತವಾಗಿ, ಸಾಮಾನ್ಯವಾಗಿ 150 ಪದಗಳನ್ನು ಮೀರದಂತೆ ಇರಬೇಕು. 'ಏಕೆ ಹೀಗಾಯಿತು' ಎಂದು ಕೇಳಿದರೆ ಉತ್ತರ ಬಾರದು; ದಾಖಲೆಗಳನ್ನು ಹೆಸರು ಹೇಳಿ ಕೇಳಿ: ಮಂಜೂರಾದ ಅಂದಾಜು ಪಟ್ಟಿ, ಕರಾರು ಪತ್ರ, ಕಾರ್ಯಾದೇಶ, ಹೆಚ್ಚುವರಿ ಕೆಲಸಗಳ ಅನುಮೋದನೆ, ಬಿಲ್ಲುಗಳು, ಎಲ್ಲಕ್ಕಿಂತ ಮುಖ್ಯವಾಗಿ ಅಳತೆ ಪುಸ್ತಕ.

ಗುತ್ತಿಗೆದಾರನಿಗೆ ಹಣ ಹೋಗುವುದು ಅಳತೆ ಪುಸ್ತಕದ ನಮೂದುಗಳ ಆಧಾರದ ಮೇಲೆ. ಪ್ರತಿ ಪದರದ ಉದ್ದ, ಅಗಲ, ದಪ್ಪ, ಅಳೆದ ದಿನಾಂಕ ಅದರಲ್ಲಿರುತ್ತವೆ. ಅವನ್ನು ಒಂದು ಕಡೆ ಅಂದಾಜು ಪಟ್ಟಿಯೊಂದಿಗೆ, ಇನ್ನೊಂದು ಕಡೆ ಬಿಲ್ಲಿನೊಂದಿಗೆ ಸಾಲುಸಾಲಾಗಿ ತಾಳೆ ನೋಡಿ. ಉದ್ದ ಮತ್ತು ಅಗಲವನ್ನು ನೀವೇ ಟೇಪು ಹಿಡಿದು ಅಳೆಯಬಹುದು. ದಪ್ಪ ಮಾತ್ರ ಮೇಲ್ನೋಟಕ್ಕೆ ಕಾಣದಾದ್ದರಿಂದ ಮೋಸಕ್ಕೆ ಅವಕಾಶ ಹೆಚ್ಚು. ಇಲ್ಲಿ ಮಾಹಿತಿ ಹಕ್ಕು ಕಾಯ್ದೆಯ 2(ಜೆ) ಕಲಮು ನೆರವಿಗೆ ಬರುತ್ತದೆ: ಕಾಮಗಾರಿಯನ್ನು ಪರಿಶೀಲಿಸುವ ಮತ್ತು ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕನ್ನು ಅದು ನೀಡಿದೆ. ಈ ಹಕ್ಕನ್ನು ಬಳಸುವವರು, ನನಗೆ ಕಂಡಂತೆ, ವಿರಳ.

ವಾಣಿಜ್ಯ ಗೋಪ್ಯತೆಯೆಂದು 8(1)(ಡಿ) ಕಲಮನ್ನು ಮುಂದಿಟ್ಟು ದಾಖಲೆ ನಿರಾಕರಿಸಿದರೆ, ವಿಶಾಲ ಸಾರ್ವಜನಿಕ ಹಿತವಿದ್ದಾಗ ಅದೇ ಕಲಮಿನಲ್ಲಿ ವಿನಾಯಿತಿಯಿದೆ ಎಂಬುದನ್ನು ಮೇಲ್ಮನವಿಯಲ್ಲಿ ಎತ್ತಿ ತೋರಿಸಿ. ಉತ್ತರಕ್ಕೆ 30 ದಿನ, ಮೊದಲ ಮೇಲ್ಮನವಿಗೆ ಅನಂತರದ 30 ದಿನ, ರಾಜ್ಯ ಮಾಹಿತಿ ಆಯೋಗಕ್ಕೆ ಸಲ್ಲಿಸುವ ಎರಡನೆಯ ಮೇಲ್ಮನವಿಗೆ 90 ದಿನಗಳ ಗಡುವಿದೆ.

ವ್ಯತ್ಯಾಸ ಕಂಡುಬಂದರೆ ಪ್ರಮಾಣಪತ್ರ ಸಹಿತ ಲೋಕಾಯುಕ್ತಕ್ಕೆ ದೂರು ಕೊಡಬಹುದು. ಅದಕ್ಕೂ ಮುನ್ನ ಕರಾರಿನಲ್ಲಿ ದೋಷ ಹೊಣೆಗಾರಿಕೆಯ ಅವಧಿ ಯಾವಾಗ ಮುಗಿಯುತ್ತದೆಂದು ನೋಡಿ. ಅಷ್ಟರೊಳಗೆ ಕಿತ್ತುಹೋದ ರಸ್ತೆಯನ್ನು ಗುತ್ತಿಗೆದಾರ ಸ್ವಂತ ಖರ್ಚಿನಲ್ಲಿ ದುರಸ್ತಿ ಮಾಡಬೇಕಾಗುವುದರಿಂದ, ಛಾಯಾಚಿತ್ರಗಳೊಂದಿಗೆ ಕಾರ್ಯಪಾಲಕ ಅಭಿಯಂತರರಿಗೆ ಆ ದಿನಾಂಕಕ್ಕೆ ಮೊದಲೇ ಪತ್ರ ತಲುಪಿಸಿ ಸ್ವೀಕೃತಿ ಪಡೆದಿಟ್ಟುಕೊಳ್ಳಿ.